ಅಯಾಸೆ ಸ್ಟೇಷನ್ ಯಾರದ್ದು, ಜೆಆರ್‌ದಾ ಮೆಟ್ರೋದಾ? (ಮನೆ ನೋಡುತ್ತಿದ್ದೇವೆ, ಸಲಹೆ ಬೇಕು)

ಒಂಟಿಕೊಪ್ಪಲ್_ಹುಡುಗ
ಎಲ್ಲರಿಗೂ ನಮಸ್ಕಾರ. ಟೋಕಿಯೊದಲ್ಲಿ ಇರುವವರಿಗೆ ಒಂದು ಪ್ರಶ್ನೆ. ಈಗ ನಿಶಿ-ಕಸಾಯಿಯಲ್ಲಿ ಇದ್ದೇವೆ. ಮನೆ ಸಾಕಾಗುತ್ತಿಲ್ಲ. ಇಲ್ಲೇ ದೊಡ್ಡದು ಹಿಡಿಯೋಣ ಅಂದರೆ ಬಾಡಿಗೆ ಕೇಳಿ ಸುಮ್ಮನಾಗಿದ್ದೇವೆ. ನನ್ನ ಆಫೀಸು ಒತೆಮಾಚಿ, ನನ್ನ ಹೆಂಡತಿಯ ಕೆಲಸ ಉಯೆನೊ ಕಡೆ. ಬ್ರೋಕರ್ ಮೆಟ್ರೋದ ಚಿಯೋದಾ ಲೈನ್ ಕಡೆ ನೋಡಿ ಅಂತ ಹೇಳಿ ಅಯಾಸೆ, ಕಮೇಆರಿ, ಕನಮಾಚಿ ಮೂರೂ ಕಡೆ ಮನೆ ತೋರಿಸಿದ್ದಾನೆ. ಕಮೇಆರಿ ಮನೆ ಎಲ್ಲಕ್ಕಿಂತ ಚೆನ್ನಾಗಿದೆ.

ಪಾಸ್ ಲೆಕ್ಕ ಹಾಕೋಕೆ ಕೂತರೆ ಮಾತ್ರ ತಲೆ ಕೆಡುತ್ತಿದೆ. ಕಮೇಆರಿಯಿಂದ ಒತೆಮಾಚಿಗೆ ಒಂದೇ ರೈಲು. ನಡುವೆ ಇಳಿಯೋದೂ ಇಲ್ಲ, ಹತ್ತೋದೂ ಇಲ್ಲ. ಆದರೂ ಆಪ್‌ನಲ್ಲಿ ಜೆಆರ್ (ಜಪಾನ್ ರೈಲ್ವೆ ಕಂಪನಿ) ದುಡ್ಡು ಬೇರೆ, ಮೆಟ್ರೋ ದುಡ್ಡು ಬೇರೆ ತೋರಿಸುತ್ತದೆ. ಒಂದೇ ಸ್ಟೇಷನ್ ಈಚೆ ಬಂದು ಅಯಾಸೆಯಿಂದ ನೋಡಿದರೆ ಬರೀ ಮೆಟ್ರೋ ದರ. ಅದೇ ಅಯಾಸೆಯಿಂದ ಉಯೆನೊಗೆ ನೋಡಿದರೆ ಬರೀ ಜೆಆರ್ ದರ! ಹತ್ತುವ ಪ್ಲಾಟ್‌ಫಾರ್ಮ್ ಅದೇ, ರೈಲೂ ಅದೇ. ಈ ಸ್ಟೇಷನ್ ಯಾವ ಕಂಪನಿಯದ್ದು ಮಾರಾಯ್ರೆ? ಗೊತ್ತಿರುವವರು ಬಿಡಿಸಿ ಹೇಳಿ.

ಕನಮಾಚಿ_ಅಕ್ಕ
ಬಂತು ನೋಡಿ, ನಮ್ಮ ಲೈನಿನ ಹಳೇ ಜಗಳ. ಹಳಿಹುಚ್ಚ ಎಲ್ಲಿದ್ದರೂ ಬರಲಿ.

ಹಳಿಹುಚ್ಚ
ಬಂದೆ ಅಕ್ಕ.

ಸ್ಟೇಷನ್ ಎರಡೂ ಕಂಪನಿಗೆ ಸೇರಿದ್ದು, ಆದರೆ ನಡೆಸೋದು ಟೋಕಿಯೊ ಮೆಟ್ರೋ. ಗೇಟಿನ ಪಕ್ಕ ಕೂತಿರುವವರು ಮೆಟ್ರೋ ಸಿಬ್ಬಂದಿ. ಬೋರ್ಡಿನಲ್ಲಿ ಎರಡು ನಂಬರ್ ಇರುತ್ತದೆ: ಮೆಟ್ರೋ ಚಿಯೋದಾ ಲೈನಿನ ಲೆಕ್ಕದಲ್ಲಿ ಸಿ19, ಜೆಆರ್ ಜೋಬಾನ್ ಲೋಕಲ್ ಲೆಕ್ಕದಲ್ಲಿ ಜೆಎಲ್19. ಮುಂದಿನ ಕಮೇಆರಿ ಜೆಎಲ್20.

ಗಡಿ ಅಂತ ಇರೋದು ಅಯಾಸೆಯಲ್ಲೇ. ಅಯಾಸೆಯಿಂದ ಪೂರ್ವಕ್ಕೆ, ಅಂದರೆ ಕಮೇಆರಿ, ಕನಮಾಚಿ, ಮತ್ಸುದೊ ಕಡೆಗೆ ಜೆಆರ್. ಪಶ್ಚಿಮಕ್ಕೆ ಕಿತಾಸೆಂಜು, ಮಾಚಿಯಾ, ನಿಶಿ-ನಿಪ್ಪೋರಿ, ಒತೆಮಾಚಿ ಕಡೆಗೆ ಮೆಟ್ರೋ. ರೈಲು ನಿಲ್ಲದೆ ದಾಟಿ ಹೋಗುತ್ತದೆ ಅಷ್ಟೇ, ದುಡ್ಡು ಮಾತ್ರ ಅಲ್ಲಿ ಮುರಿಯುತ್ತದೆ. ಅದಕ್ಕೇ ಕಮೇಆರಿಯವರು ಜೆಆರ್‌ಗೆ ಒಂದು ಕನಿಷ್ಠ ದರ, ಮೆಟ್ರೋಗೆ ಮತ್ತೆ ಮೊದಲಿನಿಂದ ಇನ್ನೊಂದು ದರ ಕೊಡಬೇಕು.

ಇನ್ನು ತಮಾಷೆ ಇರೋದು ಅಯಾಸೆ ಮತ್ತು ಕಿತಾಸೆಂಜು ನಡುವಿನ ಎರಡೂವರೆ ಕಿಲೋಮೀಟರ್‌ನಲ್ಲಿ. ಆ ಹಳಿ ಮೆಟ್ರೋದ್ದು. ಆದರೆ ಜೆಆರ್ ಟಿಕೆಟ್ ಇಟ್ಟುಕೊಂಡವರೂ ಅದರಲ್ಲಿ ಕಿತಾಸೆಂಜುವರೆಗೆ ಬರಬಹುದು. ಜೆಆರ್ ಪಾಸ್ ತಗೊಂಡು ಬರುವ ಪ್ರವಾಸಿಗರಿಗೂ ಅಷ್ಟು ದೂರ ಸಲ್ಲುತ್ತದೆ. ಮೆಟ್ರೋದ ಉಳಿದ ಹಳಿ ಮೇಲೆ ಅವರ ಪಾಸ್ ನಡೆಯಲ್ಲ. ಈ ಒಂದು ತುಂಡಿಗೆ ಮೆಟ್ರೋ ತನ್ನ ಕನಿಷ್ಠ ದರಕ್ಕಿಂತ ಕಡಿಮೆ ದುಡ್ಡು ತಗೊಳ್ಳುತ್ತದೆ.

ಬಸವನಗುಡಿ_ಬಾಲ
ಮೆಟ್ರೋ ಹಳಿ ಮೇಲೆ ಜೆಆರ್ ಟಿಕೆಟ್ ಯಾಕೆ ನಡೆಯುತ್ತೆ? ದಾನಧರ್ಮವಾ?

ಹಳಿಹುಚ್ಚ
ದಾನ ಅಲ್ಲ ಗುರು, 1971ರ ಸಾಲ ತೀರಿಸ್ತಾ ಇರೋದು.

ಕಥೆ ಹೀಗೆ. 1960ರ ದಶಕದಲ್ಲಿ ಟೋಕಿಯೊಗೆ ಬರುವ ಲೋಕಲ್‌ಗಳಲ್ಲಿ ಜನ ಉಸಿರಾಡೋಕೂ ಜಾಗ ಇಲ್ಲದ ಹಾಗೆ ನಿಲ್ಲುತ್ತಿದ್ದರು. ಆಗ ಇದ್ದದ್ದು ಸರ್ಕಾರಿ ರೈಲ್ವೆ, ಜೆಎನ್‌ಆರ್. ಈಗಿನ ಜೆಆರ್ ಅದರಿಂದಲೇ ಬಂದದ್ದು. ಇಶಿದಾ ರೆಯಿಸುಕೆ ಅದರ ಅಧ್ಯಕ್ಷರಾಗಿದ್ದಾಗ ಐದು ದಿಕ್ಕಿನ ಲೈನುಗಳಲ್ಲಿ ಹಳಿ ಹೆಚ್ಚಿಸುವ ದೊಡ್ಡ ಯೋಜನೆ ಶುರುವಾಯಿತು. ತೊಕಾಯ್ದೊ, ಚುಓ, ತೊಹೊಕು, ಜೋಬಾನ್, ಸೊಬು. ಜೋಬಾನ್‌ನಲ್ಲಿ ಎರಡು ಹಳಿ ಇದ್ದದ್ದನ್ನು ಅಯಾಸೆಯಿಂದ ಅಬಿಕೊವರೆಗೆ ನಾಲ್ಕು ಮಾಡಿದರು. ಎರಡು ಹಳಿ ವೇಗದ ರೈಲಿಗೆ, ಎರಡು ನಿಧಾನದ ಲೋಕಲ್‌ಗೆ.

ಆದರೆ ಲೋಕಲ್ ಹಳಿಯನ್ನು ಉಯೆನೊವರೆಗೆ ಒಯ್ಯಲಿಲ್ಲ. ನೆಲದಡಿ ಚಿಯೋದಾ ಲೈನ್ ಆಗಲೇ ತಯಾರಾಗುತ್ತಿತ್ತು. ಕಿತಾಸೆಂಜು-ಒತೆಮಾಚಿ ಭಾಗ 1969ರ ಡಿಸೆಂಬರ್ 20ಕ್ಕೆ ತೆರೆದಿತ್ತು. ಲೋಕಲ್‌ಗಳನ್ನು ಅದಕ್ಕೇ ಸೇರಿಸಿಬಿಟ್ಟರು. 1971ರ ಏಪ್ರಿಲ್ 20ಕ್ಕೆ ಥ್ರೂ ರೈಲು, ಅಂದರೆ ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ನೇರ ಹೋಗುವ ರೈಲು, ಶುರು. ಅವತ್ತಿನಿಂದ ಅಯಾಸೆ-ಕಿತಾಸೆಂಜು ಲೋಕಲ್ ಹಳಿ ಮೆಟ್ರೋದ (ಆಗ ಅದರ ಹೆಸರು ಎಯ್ದಾನ್) ಕೈಯಲ್ಲಿದೆ. ಅದಕ್ಕೆ ಮುಂಚೆ ಜೆಎನ್‌ಆರ್ ಟಿಕೆಟ್‌ನಲ್ಲೇ ಓಡಾಡುತ್ತಿದ್ದ ಜನರನ್ನು ಆ ತುಂಡಿನಲ್ಲಿ ಎರಡನೇ ಸಲ ಸುಲಿಯೋಕೆ ಆಗಲ್ಲವಲ್ಲ, ಅದಕ್ಕೇ ಈ ವಿನಾಯಿತಿ.

ಕನಮಾಚಿ_ಅಕ್ಕ
ಹಳಿಹುಚ್ಚ ಸರ್ ಹೇಳಿದ್ದೆಲ್ಲ ಸರಿ, ಆದರೆ ಅವರು ಇದನ್ನು ರೈಲಿನ ಕಡೆಯಿಂದ ಹೇಳುತ್ತಾರೆ. ನಾನು ಪ್ಯಾಸೆಂಜರ್ ಕಡೆಯಿಂದ ಹೇಳುತ್ತೇನೆ.

1971ಕ್ಕೆ ಮುಂಚೆ ಕನಮಾಚಿಯಲ್ಲಿ ಹತ್ತಿದರೆ ನೇರ ಉಯೆನೊ. ಹಳಿ ಎರಡರಷ್ಟಾದ ಮೇಲೆ ಅದು ಹೋಯಿತು! ವೇಗದ ರೈಲು ಮತ್ಸುದೊ ಬಿಟ್ಟರೆ ಕಿತಾಸೆಂಜು. ನಡುವೆ ಕನಮಾಚಿ, ಕಮೇಆರಿ, ಅಯಾಸೆ ಮೂರೂ ಕಡೆ ನಿಲ್ಲಲ್ಲ. ಅಯಾಸೆಯ ಪಕ್ಕದಲ್ಲೇ ವೇಗದ ಹಳಿ ಹೋಗುತ್ತದೆ, ಅದಕ್ಕೆ ಪ್ಲಾಟ್‌ಫಾರ್ಮೇ ಇಲ್ಲ. ನಿಂತು ನೋಡಬಹುದು ಅಷ್ಟೇ. ನಾವು ಉಯೆನೊಗೆ ಹೋಗಬೇಕಾದರೆ ಕಿತಾಸೆಂಜುವಿನಲ್ಲಿ ನೆಲದಡಿ ಇಳಿದು, ಎಸ್ಕಲೇಟರ್ ಹತ್ತಿ ಮೇಲೆ ಬಂದು, ಜೆಆರ್ ವೇಗದ ರೈಲು ಹಿಡಿಯಬೇಕು. ಬೆಳಗ್ಗೆ ಎಂಟು ಗಂಟೆಗೆ ಆ ಮೆಟ್ಟಿಲ ಹತ್ತಿರ ಒಂದು ಸಲ ನಿಂತು ನೋಡಿ, ಆಮೇಲೆ ಥ್ರೂ ರೈಲಿನ ಮಹಿಮೆ ಹೇಳಿ.

ಅದೂ ಬೇಡ, ಜೆಆರ್‌ನ ಯಮನೊತೆ ಲೈನ್ ಹಿಡಿದು ಇಕೆಬುಕುರೊ ಕಡೆ ಹೋಗಬೇಕು ಅನ್ನಿ. ಸುಲಭದ ದಾರಿ ಅಂದರೆ ಅದೇ ರೈಲಿನಲ್ಲಿ ಕೂತು ನಿಶಿ-ನಿಪ್ಪೋರಿಯಲ್ಲಿ ಬದಲಾಯಿಸೋದು. ಒಂದೇ ಬದಲಾವಣೆ. ಆದರೆ ಆಗ ಜೆಆರ್, ಮೆಟ್ರೋ, ಮತ್ತೆ ಜೆಆರ್. ದುಡ್ಡು ಉಳಿಸಬೇಕು ಅಂದರೆ ಕಿತಾಸೆಂಜುವಿನಲ್ಲಿ ಇಳಿ, ನಿಪ್ಪೋರಿಯಲ್ಲಿ ಇಳಿ. ಸುಲಭವಾಗಿ ಹೋದರೆ ದಂಡ, ಕಷ್ಟಪಟ್ಟು ಹೋದರೆ ರಿಯಾಯಿತಿ. ಯಾವ ನ್ಯಾಯ ಇದು?

ಹಳಿಹುಚ್ಚ
ಅಕ್ಕ, ಆಗ ಉಯೆನೊವರೆಗೆ ಇನ್ನೆರಡು ಹಳಿ ಹಾಕೋಕೆ ಜಾಗ ಎಲ್ಲಿತ್ತು? ಮನೆ ಒಡೆದು, ಅರಾಕಾವಾ ಹೊಳೆಗೆ ಇನ್ನೊಂದು ಸೇತುವೆ ಕಟ್ಟಿ, ಆಮೇಲೂ ಉಯೆನೊದಲ್ಲಿ ಎಲ್ಲರೂ ಇಳಿದು ಬೇರೆ ರೈಲು ಹಿಡಿಯಬೇಕಿತ್ತು. ಈಗ ಒತೆಮಾಚಿ, ಕಸುಮಿಗಸೆಕಿ, ಒಮೊತೆಸಾಂದೊವರೆಗೆ ಕೂತಲ್ಲೇ ಹೋಗಬಹುದು.

ಕನಮಾಚಿ_ಅಕ್ಕ
ಕೂತಲ್ಲೇ? ಕನಮಾಚಿಯಲ್ಲಿ ಬೆಳಗ್ಗೆ ಸೀಟು ಕಂಡವರು ಯಾರು?

ಕರಾವಳಿ_ಮಾಣಿ
😂😂

ಒಂಟಿಕೊಪ್ಪಲ್_ಹುಡುಗ
ಹಾಗಾದರೆ ಅಯಾಸೆಯಲ್ಲಿ ಮನೆ ಹಿಡಿದರೆ ನಾನು ಮೆಟ್ರೋ ಪಾಸ್, ಅವಳು ಜೆಆರ್ ಪಾಸ್. ಇಬ್ಬರಿಗೂ ಒಂದೊಂದೇ ದರ. ಸರಿ ತಾನೇ?

ಹಳಿಹುಚ್ಚ
ಸರಿ. ಗಡಿಯ ಮೇಲೇ ಕೂತವರಿಗೆ ಸಿಗುವ ಲಾಭ ಅದು. ಎರಡೂ ಪಾಸ್‌ನಲ್ಲಿ ಕಿತಾಸೆಂಜುವರೆಗೆ ಅದೇ ರೈಲು. ಅಲ್ಲಿಂದ ಅವರು ಮೇಲೆ ಹೋಗುತ್ತಾರೆ, ನೀವು ಕೆಳಗೇ ಇರುತ್ತೀರಿ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಪಾಸ್ ದುಡ್ಡು ಹೆಂಗೂ ಕಂಪನಿ ಕೊಡ್ತದ ಅಲ್ರೀ? ಜಪಾನಿನ್ಯಾಗ ಆಫೀಸಿನವರು ಓಡಾಡೋ ಖರ್ಚು ಕೊಡ್ತಾರ ಅಂತ ಕೇಳೀನಿ. ನಿಮಗ್ಯಾಕ ಈ ಚಿಂತಿ?

ಒಂಟಿಕೊಪ್ಪಲ್_ಹುಡುಗ
ಕೊಡುತ್ತಾರೆ ಸರ್, ಆದರೆ ಎಲ್ಲ ಕಡೆ ಒಂದು ಮಿತಿ ಇರುತ್ತದೆ. ಹತ್ತಿರದ, ಕಡಿಮೆ ಖರ್ಚಿನ ದಾರಿ ತೋರಿಸಿ ಅಂತಾರೆ. ಅದೂ ಅಲ್ಲದೆ ಭಾನುವಾರ ಮನೆಮಂದಿ ಎಲ್ಲ ಸುತ್ತೋಕೆ ಹೊರಟಾಗ ಆಫೀಸು ದುಡ್ಡು ಕೊಡಲ್ಲ. ಆಗ ಎರಡೆರಡು ದರ ಕೈಯಿಂದಲೇ ಹೋಗುತ್ತದೆ.

ನಿಶಿಕಸಾಯಿ_ನಿಂಗಿ
ನಿಶಿ-ಕಸಾಯಿ ಬಿಟ್ಟು ಹೋಗಬೇಡಿ. ಕರಿಬೇವು, ಉದ್ದಿನಬೇಳೆ, ಇಡ್ಲಿ ರವೆ ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತದೆ. 2000ದ ಕಂಪ್ಯೂಟರ್ ಸಮಸ್ಯೆ ಸರಿ ಮಾಡೋಕೆ ಬಂದ ಎಂಜಿನಿಯರ್‌ಗಳ ಕಾಲದಿಂದ ನಮ್ಮವರು ಇಲ್ಲಿ ಬೇರು ಬಿಟ್ಟಿದ್ದಾರೆ. ಅಯಾಸೆಯಲ್ಲಿ ಏನಿದೆ?

ಕರಾವಳಿ_ಮಾಣಿ
ನಿಶಿ-ಕಸಾಯಿಯಲ್ಲಿ ಕರಿಬೇವು ಇದೆ, ಆದರೆ ಅಲ್ಲಿಂದ ಹೋಗುವ ಮೆಟ್ರೋದ ತೊಜಾಯ್ ಲೈನಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಕೊರೊನಾ ಬರೋಕೆ ಮುಂಚೆ ಕಿಬಾದಿಂದ ಮೊನ್ಜೆನ್-ನಕಾಚೊ ನಡುವೆ ರೈಲಿನ ಸಾಮರ್ಥ್ಯದ 199 ಶೇಕಡ ಜನ ಅಂತ ಸರ್ಕಾರದ ಲೆಕ್ಕದಲ್ಲೇ ಇತ್ತು. ದೇಶಕ್ಕೇ ಮೊದಲನೇ ಸ್ಥಾನ. ಆ ಬಿರುದು ಇಟ್ಟುಕೊಂಡು ಏನು ಮಾಡೋದು.

ನಿಶಿಕಸಾಯಿ_ನಿಂಗಿ
ಚಿಯೋದಾ ಏನು ಖಾಲಿ ಓಡುತ್ತಾ?

ಹಳಿಹುಚ್ಚ
ಖಾಲಿ ಇಲ್ಲ. ಮಾಚಿಯಾದಿಂದ ನಿಶಿ-ನಿಪ್ಪೋರಿ ತುಂಡು ಅದರಲ್ಲಿ ಅತಿ ಕೆಟ್ಟದ್ದು. ಆದರೂ ತೊಜಾಯ್‌ಗಿಂತ ಮೇಲು.

ತೊಜಾಯ್ ಕೂಡ ಎರಡು ತುದಿಯಲ್ಲೂ ಜೆಆರ್ ಜೊತೆ ಬೆಸೆದ ಲೈನೇ. ಆಚೆ ನಕಾನೊ, ಈಚೆ ನಿಶಿ-ಫುನಾಬಾಶಿ. ಆದರೆ ಅಲ್ಲೆಲ್ಲ ಜೆಆರ್‌ಗೆ ತನ್ನದೇ ಬೇರೆ ಹಳಿಯಲ್ಲಿ ಅದೇ ಊರಿಗೆ ಹೋಗುವ ಲೋಕಲ್ ಇದೆ. ಬೇಡ ಅಂದವರು ಅದನ್ನು ಹಿಡಿಯಬಹುದು. ಕಮೇಆರಿ, ಕನಮಾಚಿಯವರಿಗೆ ಆ ಆಯ್ಕೆ ಇಲ್ಲ. ಬರುವ ರೈಲೆಲ್ಲ ಮೆಟ್ರೋದೊಳಗೇ ಹೋಗುತ್ತದೆ. ಅಕ್ಕನ ಸಿಟ್ಟಿಗೆ ಅರ್ಥ ಇರೋದು ಅಲ್ಲಿ.

ಕನಮಾಚಿ_ಅಕ್ಕ
ಅಬ್ಬಾ, ಒಪ್ಪಿಕೊಂಡರು. ಇದನ್ನು ಚೌಕಟ್ಟು ಹಾಕಿಸಿ ಇಡುತ್ತೇನೆ.

ಬಸವನಗುಡಿ_ಬಾಲ
ಒಂದು ದಡ್ಡ ಪ್ರಶ್ನೆ. ಬೆಂಗಳೂರಿನಲ್ಲೂ ಹೀಗೆ ಮಾಡಬಹುದಲ್ವಾ? ಮೆಟ್ರೋ ರೈಲು ಯಶವಂತಪುರದಲ್ಲಿ ರೈಲ್ವೆ ಹಳಿಗೆ ಇಳಿದು ಸೀದಾ ತುಮಕೂರಿಗೆ ಹೋಗಲಿ.

ಹಳಿಹುಚ್ಚ
ಆಗಲ್ಲ ಬಾಲ. ನಮ್ಮ ಮೆಟ್ರೋ ಹಳಿಯ ಅಗಲ 1,435 ಮಿಲಿಮೀಟರ್, ರೈಲ್ವೆಯದ್ದು 1,676. ಮೆಟ್ರೋಗೆ ಕರೆಂಟ್ ಬರೋದು ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ರೈಲ್ವೆಯಲ್ಲಿ ತಲೆ ಮೇಲಿನ ತಂತಿ, 25,000 ವೋಲ್ಟ್ ಎಸಿ. ಎರಡೂ ಯಾವ ಕಡೆಯಿಂದಲೂ ಹೊಂದಲ್ಲ.

ಟೋಕಿಯೊದಲ್ಲೂ ಗಿನ್ಜಾ, ಮರುನೊಉಚಿ ಲೈನುಗಳು ಹೀಗೇ ಒಂಟಿ. ಅವೂ 1,435, ಅವಕ್ಕೂ ಮೂರನೇ ಹಳಿ. ಚಿಯೋದಾ ಕಟ್ಟುವಾಗ ಮೊದಲೇ ಯೋಚನೆ ಮಾಡಿ ಜೆಎನ್‌ಆರ್ ಅಳತೆಗೇ ಕಟ್ಟಿದರು: 1,067 ಮಿಲಿಮೀಟರ್ ಹಳಿ, ಮೇಲೆ ತಂತಿ, 1,500 ವೋಲ್ಟ್ ಡಿಸಿ. ಆಚೆ ತುದಿಯ ಒದಾಕ್ಯು ಕಂಪನಿಯದ್ದೂ ಅದೇ ಅಳತೆ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಅಂದ್ರ ಮೂರನೇ ಕಂಪನಿನೂ ಐತೇನು ಇದ್ರಾಗ?

ಹಳಿಹುಚ್ಚ
ಇದೆ. ಚಿಯೋದಾದ ಇನ್ನೊಂದು ತುದಿ ಯೊಯೊಗಿ-ಉಯೆಹಾರಾ. ಅಲ್ಲಿಂದ ಒದಾಕ್ಯು. ಆದ್ದರಿಂದ ಅಯಾಸೆಯಲ್ಲಿ ನಿಂತರೆ ಮೂರು ಕಂಪನಿಯ ರೈಲೂ ಬರುತ್ತವೆ. ನೀಲಿ ಪಟ್ಟಿ ಇದ್ದರೆ ಒದಾಕ್ಯು 4000. ಹಸಿರಿನಲ್ಲಿ ಎರಡು: ಮೆಟ್ರೋ 16000, ಜೆಆರ್ ಇ233. 2016ರ ಮಾರ್ಚ್‌ವರೆಗೆ ಒದಾಕ್ಯು ಗಾಡಿ ಜೆಆರ್ ಹಳಿಗೆ ಬರುತ್ತಿರಲಿಲ್ಲ, ಜೆಆರ್ ಗಾಡಿ ಒದಾಕ್ಯುಗೆ ಹೋಗುತ್ತಿರಲಿಲ್ಲ. ಈಗ ಮೂರೂ ಎಲ್ಲ ಕಡೆ ಓಡುತ್ತವೆ.

ಆದರೆ ಸಿಬ್ಬಂದಿ ಮಾತ್ರ ಗಡಿ ದಾಟಲ್ಲ. ಅಯಾಸೆಯಲ್ಲಿ ರೈಲಿನ ಮುಂದಿನ ತುದಿಗೆ ಹೋಗಿ ನಿಲ್ಲಿ. ಡ್ರೈವರ್ ಬ್ಯಾಗ್ ಹಿಡಿದು ಇಳಿಯುತ್ತಾನೆ, ಪ್ಲಾಟ್‌ಫಾರ್ಮ್‌ನಲ್ಲಿ ಕಾಯುತ್ತಿದ್ದ ಇನ್ನೊಬ್ಬನಿಗೆ ಸೆಲ್ಯೂಟ್ ಹೊಡೆದು ಎರಡು ಮಾತು ಹೇಳುತ್ತಾನೆ, ಅವನು ಹತ್ತುತ್ತಾನೆ. ಒಬ್ಬ ಮೆಟ್ರೋದವನು, ಒಬ್ಬ ಜೆಆರ್‌ನವನು. ಒಳಗೆ ಕೂತವರಿಗೆ ಇದು ಗೊತ್ತೇ ಆಗಲ್ಲ. 2025ರ ಮಾರ್ಚ್‌ನಿಂದ ಜೆಆರ್ ಭಾಗದಲ್ಲಿ ಗಾರ್ಡ್ ಇಲ್ಲ, ಡ್ರೈವರ್ ಒಬ್ಬನೇ. ಹಾಗಾಗಿ ಮತ್ಸುದೊ ಕಡೆ ಹೋಗುವಾಗ ಗಾರ್ಡ್ ಅಯಾಸೆಯಲ್ಲಿ ಇಳಿದುಬಿಡುತ್ತಾನೆ, ಅವನ ಜಾಗಕ್ಕೆ ಯಾರೂ ಹತ್ತಲ್ಲ.

ಕರಾವಳಿ_ಮಾಣಿ
ಒಬ್ಬನೇ ಹತ್ತು ಡಬ್ಬಿ ಓಡಿಸುತ್ತಾನಾ? ಬಾಗಿಲು ಯಾರು ನೋಡುತ್ತಾರೆ?

ಹಳಿಹುಚ್ಚ
ಡ್ರೈವರ್ ಎದುರಿನ ಸ್ಕ್ರೀನ್‌ನಲ್ಲಿ ಎಲ್ಲ ಬಾಗಿಲೂ ಕಾಣುತ್ತವೆ. ಓಡಿಸೋದನ್ನು ಬಹುಪಾಲು ಯಂತ್ರವೇ ಮಾಡುತ್ತದೆ. 2021ರ ಮಾರ್ಚ್‌ನಿಂದ ಈ ಲೋಕಲ್ ಹಳಿಯಲ್ಲಿ ಆಟೋಮ್ಯಾಟಿಕ್ ಓಟ ಇದೆ.

ಶಿರಸಿ_ಭಟ್ಟ
ವಿಷಯಕ್ಕೆ ಸ್ವಲ್ಪ ಹೊರಗಿನ ಮಾತು. 1949ರ ಶಿಮೊಯಾಮಾ ಪ್ರಕರಣ ನಡೆದದ್ದೂ ಇದೇ ಹಳಿ ಮೇಲೆ. ಜೆಎನ್‌ಆರ್ ಹುಟ್ಟಿ ತಿಂಗಳು ಕಳೆದಿತ್ತು ಅಷ್ಟೇ. ಅದರ ಮೊದಲ ಅಧ್ಯಕ್ಷ ಶಿಮೊಯಾಮಾ ಸದಾನೊರಿ ಜುಲೈ 5ರ ಬೆಳಗ್ಗೆ ನಿಹೊಂಬಾಶಿಯ ಮಿತ್ಸುಕೊಶಿ ಅಂಗಡಿಗೆ ಹೋದವರು ವಾಪಸ್ ಬರಲಿಲ್ಲ. ಮರುದಿನ ಬೆಳಗಾಗೋಕೆ ಮುಂಚೆ ಕಿತಾಸೆಂಜು ಮತ್ತು ಅಯಾಸೆ ನಡುವೆ ಜೋಬಾನ್ ಹಳಿ ಮೇಲೆ ಹೆಣ ಸಿಕ್ಕಿತು. ಸುಮಾರು ಒಂದು ಲಕ್ಷ ನೌಕರರನ್ನು ಕೆಲಸದಿಂದ ತೆಗೆಯುವ ಗಲಾಟೆಯ ಕಾಲ ಅದು. ಕೊಲೆಯೋ ಆತ್ಮಹತ್ಯೆಯೋ ಇವತ್ತಿಗೂ ಇತ್ಯರ್ಥ ಆಗಿಲ್ಲ.

ನಿಶಿಕಸಾಯಿ_ನಿಂಗಿ
ಮನೆ ಹುಡುಕುವವರಿಗೆ ಇದನ್ನೆಲ್ಲ ಹೇಳಬೇಕಾ ಭಟ್ಟರೇ!

ಶಿರಸಿ_ಭಟ್ಟ
ಬಾಡಿಗೆ ಇಳಿಸೋಕೆ ಉಪಯೋಗ ಆಗಬಹುದು. 😄

ಸುರಂಗಮಾರ್ಗ
ಹಳಿಹುಚ್ಚ ಸರ್, ತಂತಿ ಡಿಸಿ ಅಂದಿರಿ. ಜೋಬಾನ್ ಮುಂದೆ ಇಬಾರಾಕಿಯಲ್ಲಿ ಎಸಿ ಅಲ್ವಾ? ಲೋಕಲ್ ತೊರಿದೆಯಿಂದ ಆಚೆ ಹೋಗದಿರೋದು ಅದಕ್ಕೇನಾ?

ಹಳಿಹುಚ್ಚ
ಹೌದು, ತೊರಿದೆ ದಾಟಿ ಫುಜಿಶಿರೊ ಬರೋದರೊಳಗೆ ತಂತಿ ಬದಲಾಗುತ್ತದೆ. ಇಶಿಓಕಾದ ಕಕಿಓಕಾ ಅನ್ನುವಲ್ಲಿ ಭೂಮಿಯ ಅಯಸ್ಕಾಂತ ಅಳೆಯುವ ಕೇಂದ್ರ ಇದೆ. ಡಿಸಿ ರೈಲು ಓಡಿದರೆ ಕರೆಂಟ್ ನೆಲಕ್ಕೆ ಸೋರಿ ಅವರ ಅಳತೆ ಕೆಡುತ್ತದೆ. ಅದಕ್ಕೇ ಆಚೆ ಎಸಿ. ಚಿಯೋದಾ ಗಾಡಿಗಳು ಡಿಸಿ ಮಾತ್ರ, ಹಾಗಾಗಿ ತೊರಿದೆಯೇ ಕೊನೆ, ಅದೂ ವಾರದ ದಿನಗಳ ಬೆಳಗ್ಗೆ-ಸಂಜೆ ಮಾತ್ರ. ಮಿಕ್ಕಂತೆ ಅಬಿಕೊ.

ಹಳೇ ಗಾಡಿಗಳ ಬಗ್ಗೆಯೂ ಒಂದು ಹೇಳಿಬಿಡುತ್ತೇನೆ, ಬೈಯಬೇಡಿ. 1971ರಲ್ಲಿ ಜೆಎನ್‌ಆರ್ ತಂದದ್ದು 103-1000 ಅನ್ನುವ ಗಾಡಿ. ವೇಗ ಹಿಡಿಯುವಾಗ, ಬ್ರೇಕ್ ಹಾಕುವಾಗ ಅದರ ಅಡಿಯ ರೆಸಿಸ್ಟರ್‌ಗಳು ಕಾದು ಸುರಂಗಕ್ಕೆಲ್ಲ ಬಿಸಿ ಬಿಡುತ್ತಿದ್ದವು. ಪಕ್ಕದಲ್ಲಿ ಓಡುತ್ತಿದ್ದ ಎಯ್ದಾನ್ 6000 ಚಾಪರ್ ಗಾಡಿ, ಕರೆಂಟ್ ಉಳಿಸುವಂಥದ್ದು. ಬೇಸಿಗೆಯಲ್ಲಿ ಸುರಂಗದ ಪ್ಲಾಟ್‌ಫಾರ್ಮ್‌ನಲ್ಲಿ ನಿಂತವರಿಗೆ ಯಾವ ಗಾಡಿ ಬಂತು ಅಂತ ಗಾಳಿಯಲ್ಲೇ ಗೊತ್ತಾಗಬೇಕು. 1982ಕ್ಕೆ ಜೆಎನ್‌ಆರ್ ತನ್ನದೇ ಚಾಪರ್ ಗಾಡಿ 203 ತಂದಿತು. ಮೆಟ್ರೋದ 6000, ಜೆಆರ್‌ನ 203 ಎರಡರಲ್ಲೂ ಎಷ್ಟೋ ಡಬ್ಬಿಗಳು ಇಲ್ಲಿ ಕೆಲಸ ಮುಗಿಸಿ ಇಂಡೊನೇಶಿಯಾದ ಜಕಾರ್ತಕ್ಕೆ ಹೋಗಿ ಅಲ್ಲಿಯ ಲೋಕಲ್ ಆದವು.

ಕನಮಾಚಿ_ಅಕ್ಕ
ಗಾಡಿಗಳಿಗೆ ಜಕಾರ್ತದಲ್ಲಿ ಹೊಸ ಬಾಳು. ನಮಗೆ ಮಾತ್ರ ಅದೇ ಕಿತಾಸೆಂಜು ಮೆಟ್ಟಿಲು.

ಕಿತಾಅಯಾಸೆ_ಗೌಡ
ಯಾರೂ ಕಿತಾ-ಅಯಾಸೆ ಹೆಸರೇ ಎತ್ತಲಿಲ್ಲವಲ್ಲ. ಅಯಾಸೆಯಿಂದ ಉತ್ತರಕ್ಕೆ ಒಂದು ಕವಲು, 2.1 ಕಿಲೋಮೀಟರ್, ಒಂದೇ ಸ್ಟೇಷನ್. ಮೆಟ್ರೋ ಡಿಪೊಗೆ ಹೋಗುವ ಹಳಿ ಅದು. 1979ರ ಡಿಸೆಂಬರ್‌ನಲ್ಲಿ ಅದರ ಮೇಲೇ ಪ್ಯಾಸೆಂಜರ್ ಓಡಿಸೋಕೆ ಶುರು ಮಾಡಿದರು. ಬಹಳ ವರ್ಷ ಬರೀ ಮೂರು ಡಬ್ಬಿಯ ಪುಟ್ಟ ರೈಲು, ಅಯಾಸೆಯ 0 ನಂಬರ್ ಪ್ಲಾಟ್‌ಫಾರ್ಮ್‌ಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಇಳಿದು ಎಲ್ಲರೂ ದೊಡ್ಡ ರೈಲಿಗೆ ಓಡಬೇಕಿತ್ತು. 2019ರ ಮಾರ್ಚ್ 16ರಿಂದ ಹತ್ತು ಡಬ್ಬಿಯ ರೈಲೇ ಕಿತಾ-ಅಯಾಸೆಗೆ ಬರುತ್ತದೆ. ಶುರುವಾಗೋದೇ ಇಲ್ಲಿಂದ, ಹಾಗಾಗಿ ಒತೆಮಾಚಿಯವರೆಗೆ ಸೀಟು. ಪೂರ್ತಿ ಮೆಟ್ರೋ, ಒಂದೇ ದರ.

ಒಂಟಿಕೊಪ್ಪಲ್_ಹುಡುಗ
ಸೀಟು ಅಂದ ತಕ್ಷಣ ಕಿವಿ ನೆಟ್ಟಗಾಯಿತು. ಎಲ್ಲ ರೈಲೂ ನೇರಾನಾ?

ಕಿತಾಅಯಾಸೆ_ಗೌಡ
ಇಲ್ಲ, ಮೂರು ಡಬ್ಬಿಯದ್ದು ಈಗಲೂ ನಡುನಡುವೆ ಓಡುತ್ತದೆ. ಟೈಮ್ ನೋಡಿಕೊಂಡು ಮನೆ ಬಿಡಬೇಕು. ಬಾಡಿಗೆಯೂ ನೇರ ರೈಲು ಬಂದ ಮೇಲೆ ಮೊದಲಿನ ಹಾಗಿಲ್ಲ, ಬ್ರೋಕರ್‌ಗಳು ಎಚ್ಚೆತ್ತುಕೊಂಡಿದ್ದಾರೆ.

ಹಳಿಹುಚ್ಚ
ಗೌಡ್ರೇ, ಆದರೆ ಇವರ ಮನೆಯವರು ಉಯೆನೊಗೆ ಹೋಗಬೇಕು. ಕಿತಾ-ಅಯಾಸೆಯಿಂದ ಜೆಆರ್ ಹಿಡಿದರೆ ಮತ್ತೆ ಎರಡು ಕಂಪನಿ.

ಕಿತಾಅಯಾಸೆ_ಗೌಡ
ಜೆಆರ್ ಯಾಕೆ ಹಿಡಿಯಬೇಕು? ಕಿತಾಸೆಂಜುವಿನಲ್ಲಿ ಹಿಬಿಯಾ ಲೈನ್ ಇದೆ. ಅದೂ ಮೆಟ್ರೋ. ಸೀದಾ ಉಯೆನೊ.

ಕನಮಾಚಿ_ಅಕ್ಕ
ಹಿಬಿಯಾ ಇರೋದು ಮೂರನೇ ಮಹಡಿಯಲ್ಲಿ, ಚಿಯೋದಾ ಇರೋದು ನೆಲದಡಿ ಎರಡನೇ ಮಹಡಿಯಲ್ಲಿ. ನಿತ್ಯ ಬೆಟ್ಟ ಹತ್ತಿಸುತ್ತೀರಾ ಆ ಹುಡುಗಿ ಕೈಲಿ? ಜೆಆರ್ ನೆಲಮಟ್ಟದಲ್ಲೇ ಇದೆ, ವೇಗವೂ ಜಾಸ್ತಿ. ಅಯಾಸೆಯೇ ಸರಿ.

ಒಂಟಿಕೊಪ್ಪಲ್_ಹುಡುಗ
ಅಕ್ಕ, ಅವಳ ಆಫೀಸು ಉಯೆನೊ ಅಂದೆ, ನಿಜವಾಗಿ ಒಕಾಚಿಮಾಚಿ ಕಡೆಗೆ ಹತ್ತಿರ.

ಕನಮಾಚಿ_ಅಕ್ಕ
ಅದನ್ನು ಮೊದಲೇ ಹೇಳೋದಲ್ವಾ ತಮ್ಮಾ! ಹಾಗಾದರೆ ಜೆಆರ್‌ನಲ್ಲಿ ಉಯೆನೊದಲ್ಲಿ ಇನ್ನೊಂದು ಸಲ ಬದಲಾಯಿಸಬೇಕು, ಇಲ್ಲವೇ ನಡೆಯಬೇಕು. ಹಿಬಿಯಾ ಉಯೆನೊ ಆದಮೇಲೆ ನಕಾ-ಒಕಾಚಿಮಾಚಿಯಲ್ಲೇ ನಿಲ್ಲುತ್ತದೆ. ಗೌಡರಿಗೆ ಒಂದು ಪಾಯಿಂಟ್.

ಕರಾವಳಿ_ಮಾಣಿ
ಒಕಾಚಿಮಾಚಿ ಅಂದರೆ ಊಟದ ಚಿಂತೆ ಇಲ್ಲ ಬಿಡಿ. ಹರಳು, ಒಡವೆ ವ್ಯಾಪಾರದ ನಮ್ಮ ದೇಶದ ಜೈನರು ಅಲ್ಲಿ ಸುಮಾರು ಜನ ಇದ್ದಾರೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೂ ಸಿಗುತ್ತದೆ.

ನಿಶಿಕಸಾಯಿ_ನಿಂಗಿ
ಈರುಳ್ಳಿ ಇಲ್ಲದ ಸಾಂಬಾರ್ ಯಾರಿಗೆ ಬೇಕು?

ಶಿರಸಿ_ಭಟ್ಟ
ನನಗೆ ಬೇಕು. ಅಂಗಡಿ ಯಾವ ಬೀದಿಯಲ್ಲಿ ಅಂತ ಹೇಳಿ.

ಕರಾವಳಿ_ಮಾಣಿ
ಜೆಆರ್ ಒಕಾಚಿಮಾಚಿಯಲ್ಲಿ ಇಳಿದು ಒಡವೆ ಅಂಗಡಿಗಳ ಗಲ್ಲಿಗೆ ಹೋಗಿ ಯಾರನ್ನು ಕೇಳಿದರೂ ತೋರಿಸುತ್ತಾರೆ ಭಟ್ಟರೇ. ಭಾನುವಾರ ಬಾಗಿಲು ತೆಗೆದಿರುತ್ತಾರಾ ಅಂತ ಮಾತ್ರ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.